ಇಬ್ಬನಿ ಒರೆಸುವ ಕೈಗಳು

ಜನವರಿಯ ಬೆಳಗಿನ ಜಾವ ಮದ್ದೂರಿನ ಬಯಲಲ್ಲಿ ನಿಂತ ಯಾವುದೇ ಬಸ್ಸಿನ, ಕಾರಿನ ಮುಂಗಾಜನ್ನು ಮುಟ್ಟಿ ನೋಡಿ. ಸುತ್ತಲಿನ ಗಾಳಿಗಿಂತಲೂ ಗಾಜು ತಣ್ಣಗಿರುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನೊಳಗಿನ ಶಾಖವನ್ನು ಮೇಲಕ್ಕೆ ಸೂಸುತ್ತಲೇ ಇರುತ್ತದೆ. ಗಾಳಿ ನಿಂತಿದ್ದರೆ ಅದಕ್ಕೆ ಮರಳಿ ಶಾಖ ಕೊಡುವವರಿಲ್ಲ. ಹಾಗೆ ತಣ್ಣಗಾದ ಮೈಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಇಬ್ಬನಿ ಆಕಾಶದಿಂದ ಬೀಳುವುದಲ್ಲ, ತಣಿದ ವಸ್ತುವಿನ ಮೇಲೆ ಅಲ್ಲೇ ಮೂಡುವುದು ಎಂಬುದನ್ನು 1814ರಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ ಉಣ್ಣೆಯ ಎಳೆಗಳನ್ನು ರಾತ್ರಿಯಿಡೀ ಬಯಲಲ್ಲಿಟ್ಟು, ತೂಗಿ ತೋರಿಸಿಕೊಟ್ಟ. ಆಕಾಶಕ್ಕೆ ಮರೆಯಾಗಿ ಹುಣಸೆ ಮರದ ಕೆಳಗೆ ನಿಲ್ಲಿಸಿದ ಕಾರು ಒಣಗಿರುವುದೂ ಪಕ್ಕದ ಬಯಲಲ್ಲಿ ನಿಲ್ಲಿಸಿದ್ದು ತೊಯ್ದಿರುವುದೂ ಇದೇ ಕಾರಣಕ್ಕೆ.

ಈ ತಣ್ಣನೆಯ ಗಾಜನ್ನು ಬೆಳಗಾಗುವ ಮೊದಲೇ ಮುಟ್ಟಬೇಕಾದ ಕೈಗಳಿವೆ. ಮೊದಲ ಟ್ರಿಪ್ಪಿಗೆ ಬಸ್ಸು ಹೊರಡಿಸುವವರದು, ಬೈಕಿನಲ್ಲಿ ಬಕೆಟ್ಟು ಬಟ್ಟೆ ಕಟ್ಟಿಕೊಂಡು ಮನೆ ಮನೆಗೆ ಹೋಗಿ ಕಾರು ತೊಳೆಯುವವರದು, ಹೆದ್ದಾರಿ ಬದಿಯಲ್ಲಿ ವಾಟರ್ ಸರ್ವೀಸ್ ಇಟ್ಟುಕೊಂಡವರದು, ಅಂಗಡಿ ಮುಂಗಟ್ಟಿನ ಗಾಜು ಒರೆಸುವವರದು. ಅವರ ಕಷ್ಟವನ್ನು ನಾವು ಕಷ್ಟವೆಂದೇ ಎಣಿಸಿಲ್ಲ. ‘ನಮ್ಮ ಕಡೆ ಎಲ್ಲಿಯ ಚಳಿ, ಹಿಮ ಬೀಳುತ್ತದೆಯೇ’ ಅನ್ನುವ ಒಂದು ಮಾತಿಗೆ ಎಲ್ಲ ಮುಗಿದುಬಿಡುತ್ತದೆ. ಹಿಮ ಬೀಳದ ಊರಿನಲ್ಲಿಯೂ ಚಳಿ ಕೈಯನ್ನು ಕೆಡಿಸಬಲ್ಲದು. ಬಹುಪಾಲು ಕೇಡನ್ನು ತೀರಾ ಕಡಿಮೆ ಖರ್ಚಿನಲ್ಲಿ ತಪ್ಪಿಸಬಹುದು ಎನ್ನುವುದೂ ಅಷ್ಟೇ ನಿಜ.

ಸರ್ಕಾರದ ಲೆಕ್ಕವೂ ನಮ್ಮ ಮಾತಿನ ಹಾಗೆಯೇ ಇದೆ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು, ಅದೂ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದಾಗ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಕರೆಯುತ್ತದೆ. ಮಂಡ್ಯ ಸೀಮೆಗೆ ಇದು ಅಪರೂಪ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದು 1884ರ ಜನವರಿ 13ರ ಮಾತು. ಎಚ್ಚರಿಕೆಯ ಗಂಟೆ ಬಾರಿಸುವ ಮಟ್ಟಕ್ಕೆ ನಮ್ಮ ಪಾದರಸ ಇಳಿಯುವುದೇ ಅಪರೂಪವಾದ್ದರಿಂದ ಇಲ್ಲಿಯ ಚಳಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆ ಅಂಕಿ ಹೇಳುವುದು ಕಿಂಡಿಗಳಿರುವ ಪೆಟ್ಟಿಗೆಯೊಳಗೆ, ನೆರಳಲ್ಲಿಟ್ಟ ಒಣ ಉಷ್ಣಮಾಪಕ ಅಳೆದ ಗಾಳಿಯ ಉಷ್ಣಾಂಶವನ್ನು. ಒದ್ದೆ ಬಟ್ಟೆ ಹಿಡಿದ ಬೆರಳಿನ ಚಳಿ ಅದರಲ್ಲಿ ಕಾಣುವುದಿಲ್ಲ.

ಮದ್ದೂರಿನ ಚಳಿಗೆ ಅದರದ್ದೇ ಗುಣವಿದೆ. ಊರನ್ನು ಸವರಿಕೊಂಡು ಶಿಂಷಾ ಹರಿಯುತ್ತದೆ. ಸುತ್ತ ವಿಶ್ವೇಶ್ವರಯ್ಯ ನಾಲೆಯ ಕಬ್ಬು, ಭತ್ತದ ಗದ್ದೆಗಳು, ಕೆರೆಗಳು, ತೆಂಗಿನ ತೋಟಗಳು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1930ರ ದಶಕದ ಹೊತ್ತಿಗೆ ನಾಲೆಗೆ ನೀರು ಕೊಟ್ಟ ಮೇಲೆ ರಾಗಿ, ಹುರುಳಿಯ ಒಣನೆಲವೆಷ್ಟೋ ಗದ್ದೆಯಾಯಿತು. ಒದ್ದೆ ನೆಲದ ಮೇಲಿನ ಗಾಳಿಯಲ್ಲಿ ತೇವ ಹೆಚ್ಚು. ಹಿಂಗಾರು ಮುಗಿದು ಆಕಾಶ ತಿಳಿಯಾಗುವ ಡಿಸೆಂಬರ್ ಕೊನೆ, ಜನವರಿಯಲ್ಲಿ ಆ ತೇವವೇ ಮಂಜಾಗಿ, ಇಬ್ಬನಿಯಾಗಿ ಇಳಿಯುತ್ತದೆ. ಇದೇ ಇಬ್ಬನಿಯಲ್ಲಿ ನೆಂದು ಅವರೆಕಾಯಿಗೆ ಸೊಗಡು ಬರುತ್ತದೆಂದು ನಾವು ಸಂತೆಯಲ್ಲಿ ಮೂಸಿ ಮೂಸಿ ಆರಿಸುತ್ತೇವೆ. ಕಬ್ಬು ಕಡಿಯುವವರು ಗರಿ ಸರಿಸುವಷ್ಟರಲ್ಲಿ ಸೊಂಟದವರೆಗೆ ತೊಯ್ದಿರುವುದೂ ಇದೇ ಇಬ್ಬನಿಯಲ್ಲಿ.

ಇನ್ನೊಂದು ಬಗೆಯ ಚಳಿಯೂ ಇದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಬರುವುದು. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ಮುಟ್ಟಿದ ಮೇಲೆ ನಮ್ಮ ಕಡೆಯೂ ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿದಿತ್ತು. ಮಾಗಿಯ ಚಳಿಯಾದರೆ ಹತ್ತು ಗಂಟೆಯ ಬಿಸಿಲಿಗೆ ಕರಗುತ್ತದೆ. ಜಡಿಮಳೆಯ ಚಳಿಗೆ ಬಿಸಿಲೆಂಬುದೇ ಇಲ್ಲ. ಒದ್ದೆಯಾದ ಬಟ್ಟೆ ಸಂಜೆಯವರೆಗೂ ಒಣಗುವುದಿಲ್ಲ. ಮೈಗೆ ಹೆಚ್ಚು ಪೆಟ್ಟು ಕೊಡುವುದು ಇದೇ ಎಂದು ನನ್ನ ಎಣಿಕೆ.

ನೀರು ಕೈಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಉಪಾಯವೆಲ್ಲ ಇರುವುದು ಅಲ್ಲೇ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದಲೇ 15 ಡಿಗ್ರಿಯ ಗಾಳಿಯಲ್ಲಿ ಕೈ ಚಾಚಿ ನಿಲ್ಲಬಹುದು; 15 ಡಿಗ್ರಿಯ ನೀರಿನಲ್ಲಿ ಕೈ ಅದ್ದಿಟ್ಟರೆ ಹೊತ್ತು ಕಳೆದಂತೆ ಮೂಳೆ ನೋಯತೊಡಗುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ನೀರಿನಿಂದ ಕೈ ಹೊರಗೆ ತೆಗೆದರೂ ಚರ್ಮದ ಮೇಲೆ ಉಳಿದ ತೇವ ಆವಿಯಾಗಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಗಾಳಿ ಬೀಸುವಾಗ ಆ ಶಾಖದಲ್ಲಿ ಬಹಳಷ್ಟನ್ನು ನೀರು ಕಿತ್ತುಕೊಳ್ಳುವುದು ಕೈಯಿಂದಲೇ. ಒದ್ದೆ ಕೈ ಒಣ ಕೈಗಿಂತ ಬೇಗ ಮರಗಟ್ಟುವುದಕ್ಕೆ ಇದೇ ಮೂಲ.

ಚಳಿಯ ಸುಳಿವು ಸಿಕ್ಕ ಕೂಡಲೇ ದೇಹ ಬೆರಳಿನ ರಕ್ತನಾಳಗಳನ್ನು ಬಿಗಿ ಮಾಡಿ, ರಕ್ತವನ್ನು ಹೃದಯ, ಮೆದುಳಿನ ಕಡೆಗೆ ಉಳಿಸಿಕೊಳ್ಳುತ್ತದೆ. ಜೀವ ಕಾಯುವುದು ಮೊದಲು, ಬೆರಳು ಆಮೇಲೆ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ತಣ್ಣಗಾದರೆ ಸಣ್ಣ ಕೆಲಸಗಳಿಗೆ ಕೈ ಒಗ್ಗದು, 8 ಡಿಗ್ರಿಯ ಹತ್ತಿರ ಬಂದರೆ ಸ್ಪರ್ಶವೇ ತಿಳಿಯದು. ಬೆರಳು ಸೆಟೆದವರು ಏಣಿ ಹತ್ತಿದಾಗ, ಬಸ್ಸಿನ ಬಂಪರಿನ ಮೇಲೆ ನಿಂತು ಮುಂಗಾಜಿನ ತುದಿ ಒರೆಸುವಾಗ ಹಿಡಿತ ತಪ್ಪುವುದು ಹೀಗೆ. ಗಾಜಿನ ಚೂರು ತಾಗಿ ಕೈ ಕೊಯ್ದರೂ ಒಮ್ಮೊಮ್ಮೆ ರಕ್ತ ಕಂಡ ಮೇಲೆಯೇ ಗೊತ್ತಾಗುತ್ತದೆ.

ಬೈಕಿನ ಸವಾರಿ ಇದರ ಮೇಲೊಂದು ಹೊರೆ. ಒಂದು ಮನೆಯ ಕಾರು ತೊಳೆದು, ಒದ್ದೆ ತೋಳಿನಲ್ಲೇ ಬೈಕ್ ಹತ್ತಿ ಇನ್ನೊಂದು ಬೀದಿಗೆ ಹೋಗುವುದು ಈ ಕೆಲಸದ ಕ್ರಮ. 1940ರ ದಶಕದಲ್ಲಿ ಅಂಟಾರ್ಕ್ಟಿಕದಲ್ಲಿ ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ನೀರು ತುಂಬಿದ ಕೊಳವೆಯನ್ನು ಗಾಳಿಗೆ ಇಟ್ಟು, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆದರು. ಗಾಳಿ ಬೀಸಿದಷ್ಟೂ ಚಳಿ ಎಷ್ಟು ಹೆಚ್ಚಾಗಿ ತಾಗುತ್ತದೆ ಎಂದು ಲೆಕ್ಕ ಹಾಕುವ ಪದ್ಧತಿ ಅಲ್ಲಿಂದ ಬಂತು. ಈಗ ಬಳಕೆಯಲ್ಲಿರುವ ಸೂತ್ರದ ಪ್ರಕಾರ 10 ಡಿಗ್ರಿಯ ಬೆಳಗ್ಗೆ ಗಂಟೆಗೆ 50 ಕಿ.ಮೀ. ವೇಗದ ಗಾಳಿ ಒಣ ಮುಖಕ್ಕೆ ಸುಮಾರು 5 ಡಿಗ್ರಿಯಂತೆ ತಾಗುತ್ತದೆ. ಬೈಕು ಓಡಿಸುವವರಿಗೆ ಆ ಗಾಳಿಯನ್ನು ಬೈಕೇ ಹುಟ್ಟಿಸಿಕೊಡುತ್ತದೆ. ತೋಳು ಒದ್ದೆಯಿದ್ದರೆ ಚಳಿ ಇನ್ನೂ ಹೆಚ್ಚು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಓಡಾಡುವಂತಿಲ್ಲ. ಗೆಜ್ಜಲಗೆರೆಗೋ ಮಂಡ್ಯಕ್ಕೋ ಕೆಲಸಕ್ಕೆ ಹೋಗುವವರು ಸರ್ವೀಸ್ ರಸ್ತೆ ಹಿಡಿಯುತ್ತಾರೆ. ಈ ಕೆಲಸದವರಿಗೆ ಅದರಿಂದ ಒಂದು ಅನುಕೂಲವೂ ಇದೆ: ಅಲ್ಲಿ ನಿಧಾನವಾಗಿ ಹೋಗಬಹುದು. ಚಳಿಯ ಬೆಳಗ್ಗೆ ಗಂಟೆಗೆ 30 ಕಿ.ಮೀ. ಮೀರದೆ ಹೋಗುವುದು ಮಂಜಿಗೂ ಒಳ್ಳೆಯದು, ಬೆರಳಿಗೂ ಒಳ್ಳೆಯದು.

ನೀರು ಹೆಪ್ಪುಗಟ್ಟದ ಚಳಿಯಲ್ಲಿ ಕೈಕಾಲಿಗೆ ಏನೂ ಆಗದು ಎಂಬ ನಂಬಿಕೆ ತಪ್ಪು. ತಣ್ಣನೆಯ ತೇವದಲ್ಲಿ ಪದೇ ಪದೇ ಇದ್ದರೆ ಬೆರಳ ತುದಿ, ಕಾಲ್ಬೆರಳು ಕೆಂಪಾಗಿ ಊದಿಕೊಂಡು, ಬಿಸಿ ತಾಗಿದಾಗ ಉರಿದು ತುರಿಸುತ್ತವೆ. ಕೆಲವರಿಗೆ ಗುಳ್ಳೆಯೆದ್ದು ಹುಣ್ಣಾಗುತ್ತದೆ. ಇದಕ್ಕೆ ಸೊನ್ನೆ ಡಿಗ್ರಿ ಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ಕಂದಕದ ಕೆಸರಿನಲ್ಲಿ ನಿಂತ ಸಿಪಾಯಿಗಳ ಪಾದ ಕೊಳೆತದ್ದು ಹಿಮದಲ್ಲಿ ಮಾತ್ರವಲ್ಲ. 15 ಡಿಗ್ರಿಯಷ್ಟಿರುವ ಒದ್ದೆಯಲ್ಲಿಯೂ ದಿನಗಟ್ಟಲೆ ನಿಂತ ಪಾದಕ್ಕೆ ಆ ಗತಿ ಬರಬಹುದು. ಇನ್ನು ಕೆಲವರಿಗೆ, ಹೆಚ್ಚಾಗಿ ಹೆಂಗಸರಿಗೆ, ಚಳಿ ತಾಗಿದ ಕೂಡಲೇ ಬೆರಳು ಬೆಳ್ಳಗೆ ಬಿಳಿಚಿ, ನೀಲಿಯಾಗಿ, ಆಮೇಲೆ ಕೆಂಪಾಗುತ್ತದೆ. 1862ರಲ್ಲಿ ಫ್ರಾನ್ಸಿನ ಮಾರಿಸ್ ರೇನೊ ಇದನ್ನು ವಿವರಿಸಿದ್ದರಿಂದ ವೈದ್ಯರು ಅವನ ಹೆಸರಿನಿಂದಲೇ ಕರೆಯುತ್ತಾರೆ. ಇಂಥವರು ತಣ್ಣೀರಿನ ಕೆಲಸಕ್ಕೆ ಇಳಿಯುವ ಮೊದಲು ವೈದ್ಯರನ್ನು ಕಾಣಬೇಕು. ‘ಚಳಿಗೆ ಹಂಗೇ ಆಯ್ತದೆ’ ಎಂದು ತಳ್ಳಿಹಾಕುವಂಥದ್ದಲ್ಲ.

ಇವೆಲ್ಲಕ್ಕಿಂತ ಸಾಮಾನ್ಯವಾದದ್ದು ಕೈ ಒಡೆಯುವುದು. ಚಳಿಗಾಲದ ಒಣ ಹಗಲು, ತಣ್ಣೀರು, ಸೋಪಿನ ಪುಡಿ ಮೂರೂ ಸೇರಿ ಚರ್ಮದ ಎಣ್ಣೆಯನ್ನು ತೆಗೆದುಬಿಡುತ್ತವೆ. ಗೆಣ್ಣುಗಳಲ್ಲಿ ಬಿರುಕು ಬಿಟ್ಟು, ಅದರೊಳಗೆ ಮತ್ತೆ ಸೋಪು ಇಳಿಯುತ್ತದೆ. ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಹಳೆಯ ಕಾಲುಚೀಲವನ್ನೇ ಕೈಗೆ ಹಾಕಿಕೊಂಡು ಮಲಗಿದರೆ ಬೇಗ ಕೂಡಿಕೊಳ್ಳುತ್ತದೆ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಮಾತ್ರ ಅಂಗೈಗೆ ಎಣ್ಣೆ ಬೇಡ. ಗಾಜಿಗೂ ಹತ್ತುತ್ತದೆ, ಏಣಿಯ ಹಿಡಿತವೂ ಜಾರುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಮನೆ ಮನೆಗೆ ಹೋಗಿ ಕಿಟಕಿ ತೊಳೆಯುವವರ ಪಾಡು ಬೇರೆ. ಅಲ್ಲಿ ಬಕೆಟ್ಟಿನ ನೀರಿಗೆ ಸ್ಪಿರಿಟ್ ಬೆರೆಸುತ್ತಾರೆ, ಗಾಜಿನ ಮೇಲೆಯೇ ನೀರು ಹೆಪ್ಪುಗಟ್ಟದಿರಲೆಂದು. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ 9ರಷ್ಟು ಹಿಗ್ಗುವುದರಿಂದ ಪೈಪು, ಪಂಪು ಒಡೆಯುತ್ತವೆ. ವ್ಯಾನಿನೊಳಗೆ ರಾತ್ರಿಯಿಡೀ ಹೀಟರ್ ಇಡಬೇಕು. ನೆಲಕ್ಕೆ ಚೆಲ್ಲಿದ ನೀರು ಹೆಪ್ಪಾಗಿ ದಾರಿಹೋಕರು ಜಾರಿ ಬಿದ್ದರೆ ಅದಕ್ಕೂ ಅವರೇ ಹೊಣೆ. ಆ ಕಷ್ಟ ನಮಗಿಲ್ಲ. ಆದರೆ ಅಲ್ಲಿಯವರಿಂದ ಕಲಿಯಬೇಕಾದ ಒಂದು ಸಂಗತಿ ಇದೆ. ಕೈಯನ್ನು ನೀರಿಗೆ ಅದ್ದದೆಯೇ ಅವರು ಕೆಲಸ ಮುಗಿಸುತ್ತಾರೆ. ಉದ್ದ ಕೋಲಿನ ಬ್ರಷ್ಷಿನಿಂದ ತೊಳೆದು, ರಬ್ಬರ್ ಪಟ್ಟಿಯ ವೈಪರ್‌ನಿಂದ ಎಳೆದುಬಿಡುತ್ತಾರೆ. ಆ ಕೈ ವೈಪರಿಗೆ ಈಗಿನ ರೂಪ ಕೊಟ್ಟವನು ಎಟೊರೆ ಸ್ಟೆಕೋನ್. ಇಟಲಿಯಿಂದ ಅಮೆರಿಕಕ್ಕೆ ಹೋಗಿ ಕಿಟಕಿ ತೊಳೆದೇ ಬದುಕಿದ ಅವನಿಗೆ 1936ರಲ್ಲಿ ಅದರ ಪೇಟೆಂಟ್ ಸಿಕ್ಕಿತು. ಬಟ್ಟೆಯನ್ನು ಅದ್ದಿ, ಹಿಂಡಿ, ಮತ್ತೆ ಅದ್ದುವುದೇ ನಮ್ಮವರ ರೂಢಿ. ಕೈ ಕೆಡಲು ಮುಖ್ಯ ಕಾರಣ ಈ ಹಿಂಡುವ ಕೆಲಸ. ಅಂಗಡಿಯಲ್ಲಿ ಸುಲಭ ಬೆಲೆಗೆ ಸಿಗುವ ಕೈ ವೈಪರ್, ಹಿಡಿಕೆಯ ಬ್ರಷ್ಷು ಎರಡಿದ್ದರೆ ಹಿಂಡುವ ಸರದಿ ಎಷ್ಟೋ ಕಡಿಮೆಯಾಗುತ್ತದೆ. ಇಬ್ಬನಿಯ ಜೊತೆ ದೂಳು ಕೂತ ಗಾಜನ್ನು ಒಣ ಬಟ್ಟೆಯಲ್ಲಿ ಉಜ್ಜಿದಾಗ ಬೀಳುವ ಗೀರೂ ಇದರಿಂದ ತಪ್ಪುತ್ತದೆ.

ನೀರನ್ನು ಎಲ್ಲಿಂದ ಹಿಡಿಯಬೇಕು ಎನ್ನುವುದು ಇನ್ನೂ ಮುಖ್ಯ. ಹಳೆಯ ಕಾಲದ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು: ಬಾವಿಯ ನೀರು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ. ನೆಲದ ಆಳಕ್ಕೆ ಋತುಗಳ ಏರಿಳಿತ ತಲುಪುವುದಿಲ್ಲ. ಅಲ್ಲಿಯ ನೀರಿನ ಉಷ್ಣಾಂಶ ಆ ಊರಿನ ವರ್ಷದ ಸರಾಸರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮ ಸೀಮೆಯಲ್ಲಿ ಅದು 24–25 ಡಿಗ್ರಿ. ಜನವರಿಯ ಬೆಳಗ್ಗೆ ಬೋರ್‌ವೆಲ್ ಪೈಪಿನ ಬಾಯಲ್ಲಿ ಹಬೆಯಾಡುವುದನ್ನು ಗದ್ದೆಗೆ ನೀರು ಕಟ್ಟುವವರೆಲ್ಲ ನೋಡಿದ್ದಾರೆ. ಅದೇ ನೀರನ್ನು ಸಂಜೆ ತಾರಸಿಯ ಸಿಂಟೆಕ್ಸ್ ಟ್ಯಾಂಕಿಗೆ ತುಂಬಿಸಿಟ್ಟರೆ ಬೆಳಗಾಗುವಷ್ಟರಲ್ಲಿ ತಣ್ಣಗೆ ಕೊರೆಯುತ್ತಿರುತ್ತದೆ. ಒಂದೇ ಬೋರಿನ ನೀರು, ಹಿಡಿಯುವ ಹೊತ್ತು ಮಾತ್ರ ಬೇರೆ. ವಾಟರ್ ಸರ್ವೀಸ್ ಇಟ್ಟವರು ಬೆಳಗಿನ ಹೊತ್ತು ಟ್ಯಾಂಕಿನ ನಲ್ಲಿ ಬಿಟ್ಟು ಮೋಟಾರು ಹಾಕಿ ನೇರ ಪೈಪಿನಿಂದ ನೀರು ಹಿಡಿದರೆ ಒಂದು ರೂಪಾಯಿ ಖರ್ಚಿಲ್ಲದೆ ಕೆಲಸಗಾರರ ಕೈಗೆ ಹೆಚ್ಚು ಬೆಚ್ಚನೆಯ ನೀರು ಸಿಗಬಹುದು. ಕರೆಂಟು ಬೆಳಗ್ಗೆ ಇಲ್ಲದಿದ್ದರೆ ಟ್ಯಾಂಕನ್ನು ಬಯಲಲ್ಲಿಡುವ ಬದಲು ಸೂರಿನ ಕೆಳಗಿಟ್ಟರೂ ಆದೀತು, ಗೋಣಿತಾಟು ಸುತ್ತಿದರೂ ಆದೀತು. ಮನೆ ಮನೆಗೆ ಹೋಗಿ ಕಾರು ತೊಳೆಯುವವರಿಗೆ ಮನೆಯವರು ಅರ್ಧ ಬಕೆಟ್ಟು ಬಿಸಿನೀರು ಬೆರೆಸಿ ಕೊಟ್ಟರೆ ತಮಗೇನೂ ನಷ್ಟವಿಲ್ಲ. ನಮ್ಮ ಕಡೆಯ ಗಾಜಿಗೆ ಉಗುರುಬೆಚ್ಚಗಿನ ನೀರಿನಿಂದ ಅಪಾಯವಿಲ್ಲ. ಕುದಿನೀರು ಮಾತ್ರ ಬೇಡ.

ಕೈಗವಸು ಕೊಟ್ಟರೆ ಸಾಲದು, ಸರಿಯಾದದ್ದನ್ನು ಕೊಡಬೇಕು. ಹತ್ತಿಯ ಕೈಗವಸು ನೀರು ಕುಡಿದು ಬೆರಳಿಗೆ ಅಂಟಿಕೊಂಡರೆ ಬರಿಗೈಗಿಂತ ಕೇಡು. ಮೊಣಕೈ ಹತ್ತಿರದವರೆಗೆ ಬರುವ ರಬ್ಬರ್ ಗ್ಲೌಸು, ಅದರೊಳಗೆ ತೆಳ್ಳನೆಯ ಒಣ ನೂಲಿನದೊಂದು ಇರಬೇಕು. ಗ್ಲೌಸು ಬಿಗಿಯಾಗಿದ್ದರೆ ರಕ್ತ ಓಡದು, ಸ್ವಲ್ಪ ಸಡಿಲವೇ ಒಳ್ಳೆಯದು. ಮೇಲಿನ ಗಾಜು ತೊಳೆಯಲು ಕೈ ಎತ್ತಿದಾಗ ನೀರು ತೋಳಿನೊಳಗೆ ಇಳಿದು ಕಂಕುಳವರೆಗೆ ಹೋಗುತ್ತದೆ. ಗ್ಲೌಸಿನ ಅಂಚನ್ನು ಹೊರಕ್ಕೆ ಮಡಚಿಟ್ಟರೆ ಅಲ್ಲೇ ನಿಲ್ಲುತ್ತದೆ. ಹವಾಯಿ ಚಪ್ಪಲಿಯಲ್ಲಿ ನೀರಲ್ಲಿ ನಿಲ್ಲುವ ಬದಲು ಗಮ್‌ಬೂಟು ಬೇಕು. ಮೈಗೆ ಉಣ್ಣೆ ಬೇಕು, ಅದು ತೊಯ್ದರೂ ಸ್ವಲ್ಪ ಬೆಚ್ಚಗಿಡುತ್ತದೆ, ಹತ್ತಿಗೆ ಆ ಗುಣವಿಲ್ಲ. ಮಳೆಗೂ ಚಳಿಗೂ ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದ ನಮ್ಮ ಹಿರಿಯರು ಇದನ್ನು ಬಲ್ಲವರು. ಬೈಕಿನ ಮೇಲೆ ಎದೆಗೆ ಗಾಳಿ ಬಡಿಯದಂತೆ ಸ್ವೆಟರಿನ ಹೊರಗೊಂದು ರೇನ್‌ಕೋಟು. ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ ಇರಲೇಬೇಕು.

ಚಳಿ ಓಡಿಸಲು ಜನ ನಂಬಿರುವ ಎರಡು ವಸ್ತುಗಳು ಚಳಿಯನ್ನು ಹೆಚ್ಚಿಸುತ್ತವೆ. ಬೀಡಿಯ ನಿಕೋಟಿನ್ ಮೊದಲೇ ಬಿಗಿದುಕೊಂಡಿರುವ ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಹೆಂಡ ಚರ್ಮದ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಮೈ ಬೆಚ್ಚಗಾದಂತೆ ಅನ್ನಿಸುವುದು ಒಳಗಿನ ಶಾಖ ಹೊರಗೆ ಸೋರುತ್ತಿರುವುದರಿಂದಲೇ. ಕುಡಿದು ಬಯಲಲ್ಲಿ ಮಲಗಿದವರ ದೇಹದ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲಿ, ಮಂಕು ಕವಿದು, ಪ್ರಾಣಕ್ಕೆ ಸಂಚಕಾರ ಬರುತ್ತದೆ. ಬೆಂಕಿ ಕಾಯಿಸುವುದರಲ್ಲಿಯೂ ಎಚ್ಚರ ಬೇಕು. ಮರಗಟ್ಟಿದ ಕೈಗೆ ಬಿಸಿ ಗೊತ್ತಾಗದು, ಸುಟ್ಟ ಮೇಲೆ ತಿಳಿಯುತ್ತದೆ. ಮೊದಲು ಕೈ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಬೇಕು. ಬಾಗಿಲು ಹಾಕಿದ ಶೆಡ್ಡಿನಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದಂತೂ ಬೇಡವೇ ಬೇಡ. ಅದರಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಬಿ.ಪಿ. ಇರುವವರು, ಐವತ್ತು ದಾಟಿದವರು ಎದ್ದ ಕೂಡಲೇ ತಣ್ಣೀರಿಗೆ ಕೈಯಿಡಬಾರದು. ಚಳಿಗೆ ರಕ್ತದೊತ್ತಡ ಏರುತ್ತದೆ, ಎದೆಯ ಮೇಲೆ ಹೊರೆ ಬೀಳುತ್ತದೆ. ಬರಿ ಹೊಟ್ಟೆಯಲ್ಲಿ ಟೀ ಕುಡಿದು ಹೊರಡುವ ಬದಲು ರಾತ್ರಿಯ ಮುದ್ದೆ, ಹುರುಳಿ ಬಸ್ಸಾರನ್ನೇ ಬಿಸಿ ಮಾಡಿ ಉಂಡು ಹೊರಟರೆ ದೇಹಕ್ಕೆ ಶಾಖ ಹುಟ್ಟಿಸಲು ಸೌದೆ ಸಿಕ್ಕಂತೆ.

ಕೆಲಸ ಅತಿ ಹೆಚ್ಚಾಗುವುದೂ ಇದೇ ತಿಂಗಳುಗಳಲ್ಲಿ. ಡಿಸೆಂಬರ್, ಜನವರಿಯೆಂದರೆ ಅಯ್ಯಪ್ಪ ಮಾಲೆಯವರ ವ್ಯಾನುಗಳು, ಕೆಂಪು ಸೀರೆಯುಟ್ಟು ಮೇಲ್‌ಮರುವತ್ತೂರಿನ ಓಂ ಶಕ್ತಿಗೆ ಹೊರಡುವ ಹೆಂಗಸರ ಬಸ್ಸುಗಳು, ಶಾಲೆಗಳ ಪ್ರವಾಸ. ಹೂವಿನ ಹಾರ ಹಾಕುವ ಮೊದಲು ಗಾಡಿ ತೊಳೆದಿರಬೇಕು, ಅದೂ ಬೆಳಕು ಹರಿಯುವುದರೊಳಗೆ. ಭಕ್ತರಿಗೆ ಮುಹೂರ್ತದ ಅವಸರ ಇರುವುದು ಸಹಜ. ಹಿಂದಿನ ದಿನ ಮಧ್ಯಾಹ್ನವೇ ತೊಳೆಸಿ, ರಾತ್ರಿ ಮುಂಗಾಜಿಗೆ ಒಂದು ಟಾರ್ಪಾಲು ಹೊದಿಸಿಟ್ಟರೆ ಬೆಳಗ್ಗೆ ಇಬ್ಬನಿಯೇ ಕೂರುವುದಿಲ್ಲ. ಒಬ್ಬರನ್ನು ನಾಲ್ಕು ಗಂಟೆಗೆ ಎಬ್ಬಿಸುವ ಅಗತ್ಯವೂ ಬೀಳದು.

ಖಾಸಗಿ ವಾಹನಗಳ ಚಾಲಕರು, ಕ್ಲೀನರ್‌ಗಳು, ಗ್ಯಾರೇಜ್ ಕೆಲಸಗಾರರಿಗಾಗಿ ಕರ್ನಾಟಕದಲ್ಲಿ 2024ರಲ್ಲಿ ಸಾಮಾಜಿಕ ಭದ್ರತೆಯ ಕಾಯ್ದೆ ಬಂದಿದೆ. ಅಪಘಾತವಾದರೆ ಕುಟುಂಬಕ್ಕೆ ನೆರವು ಕೊಡುವ ಅಂಥ ಕಾನೂನು ಬೇಕಾದದ್ದೇ, ಅರ್ಹರು ತಪ್ಪದೆ ಹೆಸರು ನೋಂದಾಯಿಸಬೇಕು. ಆದರೆ ದಿನದಿನದ ಗ್ಲೌಸು, ಬೂಟು, ಬೆಚ್ಚನೆಯ ನೀರು ಕೊಡಬೇಕಾದವರು ಕೆಲಸ ಕೊಟ್ಟವರು. ಬಕೆಟ್ಟು, ಸೋಪು ಮಾಲೀಕನದು, ಕೈ ಮಾತ್ರ ಕೂಲಿಯವನದು ಎಂಬ ಲೆಕ್ಕ ನ್ಯಾಯವಲ್ಲ. ಕೆಲಸಗಾರರಿಗೂ ಒಂದು ಮಾತು: ಗ್ಲೌಸು ಹಾಕಿದರೆ ಕೆಲಸ ನಿಧಾನವೆಂದು ಬಿಚ್ಚಿಡಬೇಡಿ, ಒಂದೆರಡು ವಾರದಲ್ಲಿ ಕೈ ಒಗ್ಗುತ್ತದೆ. ಅರ್ಧ ಗಂಟೆಗೊಮ್ಮೆ ಕೈ ಒರೆಸಿ, ತೋಳನ್ನು ಜೋರಾಗಿ ತಿರುಗಿಸಿ.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ ನಮ್ಮಲ್ಲಿ. ಅಲ್ಲಿಯವರೆಗಿನ ಎರಡು ಮೂರು ತಿಂಗಳು ಮದ್ದೂರು, ಮಂಡ್ಯ, ಮಳವಳ್ಳಿಯ ವಾಹನ ಮಾಲೀಕರು, ಅಂಗಡಿಯವರು, ಮನೆಯವರು ಗಾಜು ತೊಳೆಯುವ ಹೊತ್ತನ್ನು ಬೆಳಗ್ಗೆ ಎಂಟರ ಮೇಲಕ್ಕೆ ದೂಡಿ. ತೊಳೆಯುವವರಿಗೆ ಒಂದು ಜೊತೆ ರಬ್ಬರ್ ಗ್ಲೌಸು ಕೊಡಿಸಿ, ಬಕೆಟ್ಟಿಗೆ ಬಿಸಿನೀರು ಬೆರೆಸಿ ಕೊಡಿ.